ಚಕ್ರದ ಮೇಲಿನ ಮನೆಯನ್ನು ಕೊಳ್ಳುವ ಮುನ್ನ



ಮನೆಯನ್ನೇ ಜೊತೆಗೆ ಕಟ್ಟಿಕೊಂಡು ಯಾತ್ರೆಗೆ ಹೊರಡುವುದು ನಮ್ಮ ಸೀಮೆಗೆ ಹೊಸದಲ್ಲ. ಮಾಘಮಾಸದಲ್ಲಿ ಉಳವಿಯ ಚನ್ನಬಸವೇಶ್ವರನ ಜಾತ್ರೆಗೆ ಧಾರವಾಡ, ಬೆಳಗಾವಿಯ ಕಡೆಯಿಂದ ಸಾಲುಸಾಲಾಗಿ ಸಾಗುವ ಚಕ್ಕಡಿಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಲ್ಲಾರಿಯ ನೆರಳಿನಲ್ಲಿ ಹಾಸಿಗೆ, ಮೂಲೆಯಲ್ಲಿ ಕಟಕರೊಟ್ಟಿಯ ಬುಟ್ಟಿ, ಶೇಂಗಾಚಟ್ನಿಯ ಡಬ್ಬಿ, ಎತ್ತುಗಳಿಗೆ ಮೇವು, ಇಳಿದಲ್ಲಿ ಮೂರು ಕಲ್ಲಿನ ಒಲೆ. ಹಲವು ದಿನಗಳ ಸಂಸಾರವು ಎರಡು ಗಾಲಿಗಳ ಮೇಲೆ ನೆಮ್ಮದಿಯಿಂದ ನಡೆಯುತ್ತದೆ. ಇಂಗ್ಲೆಂಡಿನಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯರೂ ಲೇಖಕರೂ ಆದವರು ವಿಹಾರಕ್ಕೆಂದೇ ‘ವಾಂಡರರ್’ ಎಂಬ ಕುದುರೆಗಾಡಿಯ ಮನೆಯನ್ನು ಕಟ್ಟಿಸಿದ್ದು 1885ರಲ್ಲಿ. ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನು 1950ರಲ್ಲಿ ಬಂದ ಮೇಲೆ, ಅದರೊಳಗೆ ಹಾಸಿಗೆ, ಕಪಾಟುಗಳನ್ನು ಜೋಡಿಸಿ ಕುಟುಂಬಗಳು ಊರೂರು ಸುತ್ತುವ ರೂಢಿ ಯುರೋಪಿನಲ್ಲಿ ಹಬ್ಬಿತು. ಇಂದು ಕ್ಯಾರವಾನ್ ಎಂದು ಕರೆಯಲಾಗುವ ಈ ಮನೆಗಾಡಿಯ ಆಸೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿಯೂ ಚಿಗುರಿದೆ. ಹೊಸದು ಕೈಗೆಟುಕದ ಬೆಲೆಯದಾದುದರಿಂದ ಜನರ ಕಣ್ಣು ಸಹಜವಾಗಿಯೇ ಹಳೆಯ ವಾಹನಗಳ ಕಡೆಗೆ ಹೊರಳುತ್ತದೆ.

ನಮಗೆ ಬಹುಕಾಲದಿಂದ ಪರಿಚಿತರಾದ ಧಾರವಾಡದ ಒಬ್ಬ ನಿವೃತ್ತ ಮಾಸ್ತರರಿಗೆ ಇಂಥದೊಂದು ಆಸೆ ಹುಟ್ಟಿತು. ಅವರ ಧರ್ಮಪತ್ನಿಗೆ ಮೊಣಕಾಲ ಬೇನೆ. ಬಸ್ಸಿನ ನೂಕುನುಗ್ಗಲು, ವಸತಿಗೃಹದ ಮೆಟ್ಟಿಲು ಎರಡೂ ಆ ತಾಯಿಗೆ ಆಗದ ಮಾತು. ಹಳೆಯದೊಂದು ವ್ಯಾನು ಕೊಂಡು, ಅದರಲ್ಲಿಯೇ ಮಲಗುವ ಅನುಕೂಲ ಮಾಡಿಕೊಂಡು, ಕೂಡಲಸಂಗಮ, ಬಸವಕಲ್ಯಾಣ, ಶ್ರೀಶೈಲಗಳನ್ನು ಅವರಿಗೆ ತೋರಿಸಬೇಕೆಂಬುದು ಮಾಸ್ತರರ ಸಂಕಲ್ಪ. ಅದಕ್ಕೆಂದು ಇಟ್ಟಿದ್ದು ನಿವೃತ್ತಿಯಲ್ಲಿ ಬಂದ ಹಣದ ಒಂದು ಭಾಗ. ಕೆಟ್ಟರೆ ಮತ್ತೆ ಕೂಡಿಸುವ ವಯಸ್ಸು ಅವರದಲ್ಲ. ಮಠದಲ್ಲಿ ಓದಿ ಬೆಳೆದ ನಮಗೆ ಯಂತ್ರಗಳ ವಿಷಯ ದೂರದ್ದು. ಆದರೂ ಅವರ ಒತ್ತಾಯಕ್ಕೆ ಜೊತೆಯಲ್ಲಿ ತಿರುಗಿದೆವು. ಅಲ್ಲಿ ಕಂಡದ್ದು, ಕಲಿತದ್ದು ಅನೇಕ ಕುಟುಂಬಗಳಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಎತ್ತಿನ ಸಂತೆಗೆ ಹೋಗುವ ರೈತನು ಒಬ್ಬನೇ ಹೋಗುವುದಿಲ್ಲ. ಹಲ್ಲು ನೋಡಿ ವಯಸ್ಸು ಹೇಳುವವನನ್ನು, ಸುಳಿ ಬಲ್ಲವನನ್ನು, ನಾಲ್ಕು ಹೆಜ್ಜೆ ನಡೆಸಿ ಕಾಲಿನ ದೋಷ ಹಿಡಿಯುವವನನ್ನು ಕರೆದುಕೊಂಡು ಹೋಗುತ್ತಾನೆ. ಮಾಸ್ತರರಿಗೂ ಅಂಥ ಬಳಗವೊಂದು ದೊರೆಯಿತು. ಹುಬ್ಬಳ್ಳಿ ಲಾರಿಗಳ ಊರು. ಧಾರವಾಡದ ಹೊರವಲಯದಲ್ಲಿ ಟಾಟಾ ಮಾರ್ಕೊಪೋಲೊ ಹೆಸರಿನಲ್ಲಿ ಆರಂಭವಾದ ದೊಡ್ಡ ಬಸ್ ಕಾರ್ಖಾನೆಯೇ ಇದೆ. ಆದುದರಿಂದ ಗಾಡಿಯ ಮೈ ಬಲ್ಲವರಿಗೆ ಈ ಅವಳಿ ನಗರದಲ್ಲಿ ಬರವಿಲ್ಲ. ಬಸ್ ಡಿಪೋದಲ್ಲಿ ದುಡಿದು ನಿವೃತ್ತರಾದ ಒಬ್ಬ ಮಿಸ್ತ್ರಿ, ಬಾಡಿ ಕಟ್ಟುವ ಕೆಲಸದಲ್ಲಿ ಪಳಗಿದ ಇನ್ನೊಬ್ಬರು, ವಿಮೆಯ ಕಾಗದಪತ್ರ ಬಲ್ಲ ಒಬ್ಬ ತರುಣ, ಹಳೆಯ ವಾಹನವೊಂದನ್ನು ಮಗುವಿನಂತೆ ಸಾಕಿಕೊಂಡಿರುವ ಒಬ್ಬ ವ್ಯಾಪಾರಿ. ಭಾನುವಾರದ ಮುಂಜಾನೆ ಚಹಾದ ಅಂಗಡಿಯಲ್ಲಿ ಕೂಡಿ ಹಳೆಯ ಗಾಡಿಗಳ ಮಾತಾಡುವುದೇ ಅವರ ಆನಂದ. ಇವರಾರೂ ಮಾಸ್ತರರಿಂದ ಒಂದು ಪೈಸೆಯನ್ನೂ ಬಯಸಿದವರಲ್ಲ.

ಮೊದಲು ಕಂಡ ವ್ಯಾನು ಮದುವಣಗಿತ್ತಿಯಂತೆ ಹೊಳೆಯುತ್ತಿತ್ತು. ಒಳಗೆ ಮಂಚ, ಪರದೆ, ಪುಟ್ಟ ಅಡಿಗೆಕಟ್ಟೆ ಎಲ್ಲವೂ ಸಿದ್ಧ. ಮಾಸ್ತರರು ಅಲ್ಲಿಯೇ ಸಂಚಕಾರ ಕೊಡಲು ಕಿಸೆಗೆ ಕೈ ಹಾಕಿದರು. ಮಿಸ್ತ್ರಿಯವರು ತಡೆದು, “ಮಾಸ್ತರ, ಬಣ್ಣ ನೋಡಬ್ಯಾಡ್ರಿ, ಬುಡ ನೋಡ್ರಿ” ಎಂದು ಗಾಡಿಯ ಅಡಿಯಲ್ಲಿ ನುಸುಳಿದರು. ಚಾಸಿಗೆ ಹೊಸದಾಗಿ ಡಾಂಬರಿನಂಥ ಕರಿಯ ಲೇಪ ಬಳಿದಿತ್ತು. ಸ್ಕ್ರೂ ಡ್ರೈವರಿನ ಹಿಡಿಯಿಂದ ಬಡಿದಾಗ ಕೆಲವೆಡೆ ಗಟ್ಟಿ ಕಬ್ಬಿಣದ ದನಿ, ಕೆಲವೆಡೆ ಮಂಕು ದನಿ. ಮಂಕಾದಲ್ಲಿ ಮೊನೆಯಿಂದ ಒತ್ತಿದರೆ ತುಕ್ಕಿನ ಪದರು ಉದುರಿತು. ಬಾಗಿಲಿನ ಕೆಳಭಾಗಕ್ಕೆ ಅಯಸ್ಕಾಂತ ಹಿಡಿದರೆ ಅಂಟಲಿಲ್ಲ. ಅಲ್ಲಿದ್ದುದು ಲೋಹವಲ್ಲ, ಪುಟ್ಟಿ.

ಅಂದು ಆ ಬಳಗದವರು ಹೇಳಿದ ಮಾತನ್ನು ಇಲ್ಲಿ ಸಂಗ್ರಹಿಸುತ್ತೇವೆ. ಎಂಜಿನ್ ಕೆಟ್ಟರೆ ಬಿಚ್ಚಿ ಸರಿಪಡಿಸಬಹುದು. ಗಾಡಿಯ ಬೆನ್ನೆಲುಬಾದ ಚಾಸಿ ತುಕ್ಕು ಹಿಡಿದರೆ ಅದರ ಮೇಲೆ ಮಾಡಿದ ಖರ್ಚೆಲ್ಲ ನೀರುಪಾಲು. ಕಡಲ ಕರೆಯಲ್ಲಿ ಬಾಳಿದ ಗಾಡಿಗೆ ಉಪ್ಪುಗಾಳಿಯಿಂದ ತುಕ್ಕು ಬೇಗ. ಬಯಲುಸೀಮೆಯ ಗಾಡಿಯ ಮೈ ಗಟ್ಟಿಯಿದ್ದರೂ ಬಿಸಿಲಿಗೆ ರಬ್ಬರು ಬಿರಿದಿರುತ್ತದೆ. ಒಳಗಿನ ಹಾಸನ್ನು ಎತ್ತಿ ನೆಲವನ್ನು ನೋಡಬೇಕು. ಮಾಳಿಗೆಯ ಮೇಲೆ ನಾಲ್ಕು ಕೊಡ ನೀರು ಸುರಿಸಿ ಎಲ್ಲಿ ಸೋರುತ್ತದೆಂದು ಪರೀಕ್ಷಿಸಬೇಕು. ನಾವು ಹೋಗುವ ಮೊದಲೇ ಮಾರುವವರು ಎಂಜಿನ್ ಚಾಲೂ ಮಾಡಿ ಕಾಯಿಸಿಟ್ಟಿದ್ದರೆ ಸಂಶಯಪಡಬೇಕು. ತಣ್ಣಗಿದ್ದಾಗ ಅದು ಹೇಗೆ ಏಳುತ್ತದೆ ಎಂಬುದರಲ್ಲಿಯೇ ಅದರ ಆರೋಗ್ಯ ತಿಳಿಯುತ್ತದೆ. ಹೊಗೆ ನೀಲಿಯಾದರೆ ಎಣ್ಣೆ ಸುಡುತ್ತಿದೆ, ಕಪ್ಪಾದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಸವೆಯದೆ ನಿಂತ ಟೈರಾದರೂ ವಯಸ್ಸಾದರೆ ನಂಬಿಕೆಗೆ ಯೋಗ್ಯವಲ್ಲ.

ಎರಡನೆಯ ವಾಹನದ ಮೈ ಚೆನ್ನಾಗಿತ್ತು, ದೋಷವಿದ್ದುದು ಕಾಗದದಲ್ಲಿ. ನೋಂದಣಿ ಪತ್ರದಲ್ಲಿ ಸಾಲ ಕೊಟ್ಟವರ ಹೆಸರು ಇನ್ನೂ ಉಳಿದಿತ್ತು. “ಸಾಲ ಎಂದೋ ತೀರಿದೆ” ಎಂಬ ಬಾಯಿಮಾತಿಗೆ ಬೆಲೆಯಿಲ್ಲ. ಸಾಲ ಕೊಟ್ಟವರ ನಿರಾಕ್ಷೇಪಣ ಪತ್ರದೊಡನೆ ಫಾರಂ 35 ಸಲ್ಲಿಕೆಯಾಗಿ ಆ ಹೆಸರು ಅಳಿಯಬೇಕು. ಚಾಸಿಯ ಮೇಲೂ ಎಂಜಿನ್ನಿನ ಮೇಲೂ ಕೊರೆದ ಸಂಖ್ಯೆಗಳು ಪತ್ರದೊಡನೆ ಅಕ್ಷರಶಃ ಹೊಂದಬೇಕು; ಅರ ಹಾಕಿ ಉಜ್ಜಿದ ಗುರುತು ಕಂಡರೆ ಮಾತು ಮುಂದುವರಿಸಬಾರದು. ಮಾಲಿಕತ್ವದ ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು. ಗಾಡಿ ಮಹಾರಾಷ್ಟ್ರ ಅಥವಾ ಗೋವೆಯದಾದರೆ ಅಲ್ಲಿಯ ಕಚೇರಿಯಿಂದ ಫಾರಂ 28ರ ನಿರಾಕ್ಷೇಪಣ ಪತ್ರ ತಂದು ಕರ್ನಾಟಕದ ತೆರಿಗೆಯನ್ನೂ ಕಟ್ಟಬೇಕಾಗುವುದರಿಂದ ಅಗ್ಗವೆಂದು ತಂದದ್ದು ದುಬಾರಿಯಾದೀತು. ಖಾಸಗಿ ವಾಹನದ ನೋಂದಣಿ 15 ವರ್ಷಗಳಿಗೆ ಮುಗಿಯುತ್ತದೆ. ಬಳಿಕ ತಪಾಸಣೆಗೆ ಒಡ್ಡಿ ಐದೈದು ವರ್ಷಕ್ಕೆ ನವೀಕರಿಸಬೇಕು.

ಆ ಗಾಡಿಯಲ್ಲಿ ಇನ್ನೊಂದು ತೊಡಕೂ ಇತ್ತು. ಒಳಗಿನ ಆಸನಗಳನ್ನೆಲ್ಲ ಕಿತ್ತು ಮಂಚ ಕೂಡಿಸಿದ್ದರು. ಪತ್ರದಲ್ಲಿ ಮಾತ್ರ ಅದು ಪ್ರಯಾಣಿಕರ ವ್ಯಾನೆಂದೇ ಇತ್ತು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರು ನಿರ್ದೇಶಿಸಿದ ರೂಪಕ್ಕೆ ವಿರುದ್ಧವಾದ ಮಾರ್ಪಾಡನ್ನು ಒಪ್ಪುವುದಿಲ್ಲ. ಸರ್ವೋಚ್ಚ ನ್ಯಾಯಾಲಯವೂ 2019ರಲ್ಲಿ ಇದನ್ನು ಎತ್ತಿಹಿಡಿದಿದೆ. ಅಪಘಾತವಾದ ದಿನ ವಿಮೆಯವರು ಮೊದಲು ಕೇಳುವ ಪ್ರಶ್ನೆಯೂ ಇದೇ ಎಂದು ತರುಣನು ಎಚ್ಚರಿಸಿದನು. ಆದುದರಿಂದ ಮಂಚ, ಅಡಿಗೆಕಟ್ಟೆಗಳನ್ನು ಕಾಯಂ ಆಗಿ ಜೋಡಿಸಿದ ಗಾಡಿಯನ್ನು ಕೊಳ್ಳುವವರು, ನೋಂದಣಿ ಪತ್ರದಲ್ಲಿ ಅದು ಹಾಗೆಯೇ ದಾಖಲಾಗಿದೆಯೇ ಎಂದು ನೋಡಬೇಕು. ಧಾರವಾಡದ ಕೆಎ-25 ಅಥವಾ ಹುಬ್ಬಳ್ಳಿಯ ಕೆಎ-63ರ ಸಾರಿಗೆ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಬೇಕು.

ಎರಡು ಬಾರಿ ಬರಿಗೈಯಲ್ಲಿ ಮರಳಿದ ಮಾಸ್ತರರು ಬಹಳ ಕುಗ್ಗಿದರು. “ನನ್ನ ಆಸೆಗೆ ನೀವೆಲ್ಲಾ ಅಡ್ಡಗಾಲು ಹಾಕಾಕ ಹತ್ತೀರಿ” ಎಂದು ಸಿಟ್ಟಿನಿಂದ ನುಡಿದದ್ದೂ ಉಂಟು. ಬಳಗದವರು ಮರುಮಾತಾಡಲಿಲ್ಲ.

ಆ ಮೇಲೆ ಮಾಸ್ತರರ ಕಣ್ಣು ಬಿದ್ದದ್ದು ಅದೇ ಬಳಗದ ವ್ಯಾಪಾರಿಯ ಮೆಟಾಡೋರ್ ಮೇಲೆ. ಈ ಹೆಸರು ನಮ್ಮ ಓದುಗರಿಗೆ ಹೊಸದಲ್ಲ. ಜರ್ಮನಿಯ ಟೆಂಪೊ ಕಂಪನಿಯ ನಮೂನೆಯನ್ನು ಅನುಸರಿಸಿ ಬಜಾಜ್ ಟೆಂಪೊದವರು 1969ರಿಂದ ಪುಣೆಯ ಬಳಿಯ ಆಕುರ್ಡಿಯಲ್ಲಿ ತಯಾರಿಸಿದ ಈ ವ್ಯಾನು ಶಾಲೆಯ ಮಕ್ಕಳನ್ನೂ ಸಂತೆಯ ಕಾಯಿಪಲ್ಲೆಯನ್ನೂ ಮದುವೆಯ ದಿಬ್ಬಣವನ್ನೂ ಹೊತ್ತು ತಿರುಗಿ, ಕೊನೆಗೆ ಬೇರೆ ಕಂಪನಿಯ ವ್ಯಾನುಗಳನ್ನೂ ಜನ ಮೆಟಾಡೋರ್ ಎಂದೇ ಕರೆಯುವಷ್ಟು ಬಳಕೆಯಾಯಿತು. ಆ ಕಂಪನಿಯೇ 1987ರಲ್ಲಿ ಟ್ರಾವೆಲರ್ ವ್ಯಾನನ್ನು ತಂದಿತು. 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡಿತು. ವ್ಯಾಪಾರಿಯ ಗಾಡಿ ಐವತ್ತು ವರ್ಷ ದಾಟಿದ್ದು. ಒಂದು ಮೊಳೆಯೂ ಬದಲಾಗದಂತೆ ಕಾಪಾಡಿದ್ದು. ಮಾಸ್ತರರು ಕೇಳಿದ ಬೆಲೆಗೆ ಕೊಳ್ಳಲು ಸಿದ್ಧರಾದರು. ವ್ಯಾಪಾರಿಗೂ ಆಗ ಹಣದ ಅಡಚಣೆಯಿದ್ದುದನ್ನು ನಾವು ಬಲ್ಲೆವು.

ಆತನು ಮಾರಲಿಲ್ಲ. “ಮಾಸ್ತರ, ಇದು ನೋಡಾಕ ಛಲೋ ಐತಿ. ಅಕ್ಕಾರ ಮೊಣಕಾಲಿಗೆ ಇದರ ಮೆಟ್ಟಲಾ ಆಗೂದಿಲ್ರಿ. ಶ್ರೀಶೈಲದ ಘಟ್ಟದಾಗ ಇದು ನಿಂತರ ಸಾಮಾನು ಎಲ್ಲಿಂದ ತರತೀರಿ?” ಎಂದನು. ಮಾತು ಮುಂದುವರಿಸಿ ಕಾನೂನನ್ನೂ ತಿಳಿಸಿದನು. 2021ರ ನಿಯಮದ ಪ್ರಕಾರ ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿಯೇ ಉಳಿದ ಖಾಸಗಿ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಅವಧಿ 10 ವರ್ಷ. ಆದರೆ ಅಂಥ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದವುಗಳಿಗೆ ಓಡಿಸಬಹುದೇ ಹೊರತು ನಿತ್ಯದ ಸಂಚಾರಕ್ಕಲ್ಲ. ಒಳಗೆ ಮಂಚ ಹಾಕಿದರೆ ಮೂಲರೂಪ ಕೆಡುತ್ತದೆ; ಮೂಲರೂಪ ಉಳಿಸಿದರೆ ಯಾತ್ರೆಗೆ ಒದಗುವುದಿಲ್ಲ. ಪುರಾತನ ವಸ್ತುವಾಗಿ ಪೂಜ್ಯವಾದದ್ದು ಬೇರೆ, ಸಂಸಾರದ ಭಾರ ಹೊರುವುದು ಬೇರೆ. ಹಳೆಯ ಗಾಡಿಗಳನ್ನು ಕಣ್ತುಂಬ ನೋಡುವ ಆಸೆಯಿದ್ದವರು ಧರ್ಮಸ್ಥಳಕ್ಕೆ ಹೋದಾಗ ಅಲ್ಲಿಯ ಕಾರುಗಳ ಸಂಗ್ರಹವನ್ನು ನೋಡಿ ಬರಬಹುದು.

ತನಗೆ ಬರಲಿದ್ದ ಹಣವನ್ನು ಬಿಟ್ಟು ಮಿತ್ರನ ಹಿತವನ್ನು ನುಡಿದ ಆ ವ್ಯಾಪಾರಿಯ ಮಾತು ಮಾಸ್ತರರ ಸಿಟ್ಟನ್ನೆಲ್ಲ ಕರಗಿಸಿತು. ಮಾರುವವನು ಎಂದಿಗೂ “ಕೊಳ್ಳಿರಿ” ಎನ್ನುತ್ತಾನೆ; ನಮ್ಮ ಆಸೆಯೂ ಅದನ್ನೇ ಹೇಳುತ್ತದೆ. “ಇದು ನಿಮಗೆ ಬೇಡ” ಎನ್ನುವವನು ಒಬ್ಬನಾದರೂ ಜೊತೆಗಿರಬೇಕು. ಅವನಿಗೆ ಆ ಮಾರಾಟದಲ್ಲಿ ಲಾಭವಿರಬಾರದು, ನಮ್ಮ ಮುನಿಸಿನ ಅಂಜಿಕೆಯೂ ಇರಬಾರದು.

ಇಷ್ಟು ದಿನ ಗಂಡಸರು ಎಂಜಿನ್ನಿನ ಮಾತಾಡುತ್ತಿದ್ದರೇ ಹೊರತು ಯಾರಿಗಾಗಿ ಈ ಗಾಡಿಯೋ ಅವರನ್ನು ಯಾರೂ ಕೇಳಿರಲಿಲ್ಲ. ಕೇಳಿದಾಗ ಆ ತಾಯಿ ಹೇಳಿದ್ದು ನಾಲ್ಕೇ ಮಾತು: “ಹತ್ತೂದು ಇಳಿಯೂದು ಸಲೀಸಿರಲಿ. ಕಾಲು ಚಾಚಿ ಮಲಗುವಷ್ಟು ಜಾಗ ಇರಲಿ. ಅಡಿಗಿ ಒಳಗ ಬ್ಯಾಡ, ಗಿಡದ ನೆಳ್ಳಾಗ ಮಾಡೂಣು. ರಾತ್ರಿ ಬಚ್ಚಲು ಇರೂ ಜಾಗದಾಗ ನಿಲ್ಲಸ್ರಿ.” ಬಾಡಿ ಕಟ್ಟುವವರು ಇದನ್ನು ಕೇಳಿ, ತಾವು ಎಳೆದಿದ್ದ ನಕ್ಷೆಯನ್ನು ಹರಿದು ಹಾಕಿದರು.

ಆ ಮಾತಿನಲ್ಲಿ ವಿಜ್ಞಾನವೂ ಅಡಗಿತ್ತು. ಅಡಿಗೆಯ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆಯೇ ಹರಡಿ ನಿಲ್ಲುತ್ತದೆ. ಮುಚ್ಚಿದ ಗಾಡಿಯಲ್ಲಿ ಒಲೆ ಉರಿಸಿದರೆ ಉಸಿರುಗಟ್ಟುವ ವಿಷಾನಿಲವೂ ಉಂಟಾಗಬಹುದು. ನೂರು ಲೀಟರ್ ನೀರಿನ ಟಾಕಿ ಇಟ್ಟರೆ ನೂರು ಕಿಲೋ ಭಾರ ಏರಿದಂತೆ. ಅದನ್ನು ಪಾಟಾ, ಬ್ರೇಕುಗಳು ತಾಳಬೇಕು.

ಕೊನೆಗೆ ಮಾಸ್ತರರು ಕೊಂಡದ್ದು ಯಾವ ಅಲಂಕಾರವೂ ಇಲ್ಲದ, ಒಂದೇ ಕೈಯಲ್ಲಿ ಬಾಳಿದ, ಕಾಗದ ಶುದ್ಧವಾಗಿದ್ದ ಸಾಧಾರಣ ವ್ಯಾನು. ಬಣ್ಣ ಮಾಸಿತ್ತು, ಬಡಿದಲ್ಲೆಲ್ಲ ಗಟ್ಟಿ ದನಿ ಕೊಟ್ಟಿತು. ಆಸನಗಳನ್ನು ಕೀಳಲಿಲ್ಲ. ಗಾಡಿ ನಿಂತ ಮೇಲೆ ಹಾಸಿಕೊಳ್ಳುವ, ಓಡುವಾಗ ಮಡಚಿ ಬಿಗಿದಿಡುವ ಹಾಸು. ಹೊರಗೆ ಇಳಿಸಿ ಹಚ್ಚುವ ಒಲೆ. ಏರಲು ಒಂದು ತಗ್ಗಾದ ಮಣೆ. ಚಾಲನೆಯಲ್ಲಿರುವಾಗ ಯಾರೂ ಮಲಗಬಾರದು, ಎಲ್ಲರೂ ಬೆಲ್ಟು ಹಾಕಿ ಕೂಡಬೇಕೆಂಬುದು ಬಳಗದವರ ಕಟ್ಟಪ್ಪಣೆ. ವಿಮೆಯನ್ನು 14 ದಿನಗಳೊಳಗಾಗಿ ತಮ್ಮ ಹೆಸರಿಗೆ ಮಾಡಿಸಿಕೊಂಡರು. ಮೊದಲ ಪಯಣ ಕೂಡಲಸಂಗಮಕ್ಕೆ. ಮಿಸ್ತ್ರಿಯವರು ತಾವಾಗಿಯೇ ಜೊತೆಗೆ ಹೋಗಿಬಂದರು.

ಇಂಥ ಆಸೆಯುಳ್ಳ ಕುಟುಂಬಗಳಿಗೆ ನಮ್ಮ ಸೂಚನೆ ಇಷ್ಟೇ. ಮೊದಲು ಮನೆಯ ಹಿರಿಯರನ್ನೂ ಹೆಂಗಸರನ್ನೂ ಕೇಳಿರಿ. ಅವಸರದಿಂದ ಸಂಚಕಾರ ಕೊಡಬೇಡಿರಿ. ಗಾಡಿಯನ್ನು ಹಗಲಿನಲ್ಲಿ, ತಣ್ಣಗಿದ್ದಾಗ, ಬಲ್ಲವರೊಡನೆ ನೋಡಿರಿ. ಉತ್ತರದ ಕ್ಷೇತ್ರಗಳಿಗೆ ಹೋಗುವವರು ದೆಹಲಿಯ ಸುತ್ತಿನಲ್ಲಿ ಹಳೆಯ ವಾಹನಗಳಿಗಿರುವ ನಿರ್ಬಂಧಗಳನ್ನು ಮೊದಲೇ ವಿಚಾರಿಸಿರಿ. ಬಲ್ಲ ಮಿತ್ರನು ಬೇಡವೆಂದಾಗ ಒಂದು ರಾತ್ರಿ ಕಳೆದು ಮರುದಿನ ಯೋಚಿಸಿರಿ. ಗಾಡಿ ಇನ್ನೊಂದು ಸಿಕ್ಕೀತು. ನಮ್ಮ ಹಿತಕ್ಕಾಗಿ ತನ್ನ ಲಾಭ ಬಿಡುವವರು ಸುಲಭವಾಗಿ ಸಿಕ್ಕುವುದಿಲ್ಲ. ಸಿಕ್ಕಾಗ ಅವರನ್ನು ಉಳಿಸಿಕೊಳ್ಳಿರಿ.