ಮನಸ್ಸು ಸಿದ್ಧವಾಗಲೆಂದು ಕಾಯಬೇಕೇ?

ತಪಸ್ಸುಕಾಲದ ನಲವತ್ತು ದಿನ ಬೀಡಿ ಸಿಗರೇಟು ಮುಟ್ಟದೆ ಇದ್ದು, ಈಸ್ಟರ್ ಬಲಿಪೂಜೆ ಮುಗಿದೊಡನೆ ಚರ್ಚಿನ ಆವರಣದ ಹೊರಗೆ ಕಡ್ಡಿ ಗೀರುವವರನ್ನು ನಾವೆಲ್ಲರೂ ಬಲ್ಲೆವು. ಅವರನ್ನು ಕಂಡು ನಗುವುದು ಸುಲಭ. ಆದರೆ ಅವರ ನಡೆಯಲ್ಲಿ ಅಡಗಿರುವ ಸತ್ಯವೊಂದನ್ನು ನಾವು ಗಮನಿಸುವುದಿಲ್ಲ. "ನನ್ನಿಂದಾಗದು" ಎನ್ನುವ ವ್ಯಕ್ತಿ ನಲವತ್ತು ದಿನ ಬಿಟ್ಟಿರಬಲ್ಲನಾದರೆ ಅವನಿಗೆ ಶಕ್ತಿಯ ಕೊರತೆಯಿಲ್ಲ. ನಲವತ್ತೊಂದನೆಯ ದಿನಕ್ಕೆ ಬೇಕಾದ ಸ್ವಂತ ಕಾರಣವೊಂದರ ಕೊರತೆಯಿದೆ.

ಬಿಡಬೇಕೆಂಬ ಆಸೆ ವಿರಳವೇನೂ ಅಲ್ಲ. 2016-17ರಲ್ಲಿ ನಮ್ಮ ದೇಶದಲ್ಲಿ ನಡೆದ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಧೂಮಪಾನಿಗಳ ಪೈಕಿ ಶೇ. 55ರಷ್ಟು ಮಂದಿ ಬಿಡುವ ಯೋಚನೆ ಇದೆಯೆಂದು ತಿಳಿಸಿದ್ದರು. ಹಿಂದಿನ ಒಂದು ವರ್ಷದಲ್ಲಿ ಪ್ರಯತ್ನಕ್ಕೆ ಇಳಿದಿದ್ದವರು ಶೇ. 38ರಷ್ಟು ಮಾತ್ರ. ಉಳಿದವರ ಉತ್ತರ ನಮಗೆ ಚಿರಪರಿಚಿತ: ಮಗಳ ಮದುವೆ ಮುಗಿಯಲಿ, ಮಳೆಗಾಲ ಕಳೆಯಲಿ, ಮನಸ್ಸು ಇನ್ನೂ ಸಿದ್ಧವಾಗಿಲ್ಲ.

ಧೂಮಪಾನ ತ್ಯಜಿಸುವವರು ಹಂತಹಂತವಾಗಿ ಸಾಗುತ್ತಾರೆಂದು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪ್ರೊಚಾಸ್ಕ ಮತ್ತು ಡಿಕ್ಲೆಮೆಂಟಿ 1983ರಲ್ಲಿ ವಿವರಿಸಿದರು. ಯೋಚನೆಯೇ ಇಲ್ಲದ ಸ್ಥಿತಿ, ಯೋಚಿಸುವ ಸ್ಥಿತಿ, ಕಾರ್ಯಕ್ಕಿಳಿಯುವ ಸ್ಥಿತಿ, ಬಿಟ್ಟದ್ದನ್ನು ಉಳಿಸಿಕೊಳ್ಳುವ ಸ್ಥಿತಿ, ನಡುನಡುವೆ ಮರಳಿ ಜಾರುವಿಕೆ. ಉಪಯುಕ್ತವಾದ ಈ ವಿಚಾರವನ್ನು ಕಾಯುವುದಕ್ಕೆ ನೆಪವಾಗಿಸಿಕೊಳ್ಳುವುದು ತರವಲ್ಲ. 2006ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದರಲ್ಲಿ, ಸುಮಾರು ಅರ್ಧದಷ್ಟು ಪ್ರಯತ್ನಗಳು ಪೂರ್ವಯೋಜನೆಯಿಲ್ಲದೆ, ಅನಿಸಿದ ಗಳಿಗೆಯಲ್ಲೇ ಆರಂಭವಾಗಿದ್ದವು. ಕನಿಷ್ಠ ಆರು ತಿಂಗಳು ಬಾಳಿದ ಪ್ರಯತ್ನಗಳ ಪ್ರಮಾಣವೂ ಅವುಗಳಲ್ಲೇ ಹೆಚ್ಚಾಗಿತ್ತು. ಯೋಜನೆ ವ್ಯರ್ಥವೆಂದು ಇದರ ಅರ್ಥವಲ್ಲ. ಒಳಗಿನಿಂದ ಕಾರಣವೊಂದು ಎದ್ದು ನಿಂತಾಗ ಪಂಚಾಂಗ ನೋಡಬೇಕಾಗಿಲ್ಲ ಎಂಬುದಷ್ಟೇ ಇದರ ಪಾಠ.

ಆ ಕಾರಣವನ್ನು ಹೊರಗಿನವರು ಹೇರಲಾರರು. ಮನೆಯವರ ಗದರಿಕೆ, ಅಳು, ಆಣೆಗಳಿಂದ ಸೇದುವವನು ಹಿತ್ತಲಿನ ಮರೆಗೆ ಸರಿಯುತ್ತಾನೆಯೇ ಹೊರತು ಬಿಡುವುದಿಲ್ಲ. ದೂರುವವರ ಎದುರು ತನ್ನನ್ನು ಸಮರ್ಥಿಸಿಕೊಳ್ಳುವುದು ಮನುಷ್ಯ ಸ್ವಭಾವ. ಸಮರ್ಥಿಸಿಕೊಂಡಷ್ಟೂ ಚಟ ಗಟ್ಟಿಯಾಗುತ್ತದೆ. ಅದರ ಬದಲು, "ಬಿಡಬೇಕೆಂದು ನಿಮಗೆ ಎಂದಾದರೂ ಅನಿಸಿದ್ದುಂಟೇ? ಏಕೆ ಅನಿಸಿತು?" ಎಂದು ಮಡದಿ ಕೇಳಲಿ, ಕೇಳಿ ಸುಮ್ಮನಿರಲಿ. ಮೊಮ್ಮಗುವನ್ನು ಎತ್ತಿಕೊಳ್ಳುವಾಗ ಬರುವ ಕೆಮ್ಮು, ಗುಡ್ಡದ ಮೆಟ್ಟಿಲೇರುವಾಗ ಕಟ್ಟುವ ಉಸಿರು, ಹೀಗೆ ಉತ್ತರ ಅವನ ಬಾಯಿಂದಲೇ ಬರಲಿ. ತಾನಾಗಿ ಆಡಿದ ಮಾತು ಮನುಷ್ಯನನ್ನು ಕಟ್ಟಿಹಾಕುತ್ತದೆ.

ಮನಸ್ಸು ಮಾಡಿದವರಿಗೆ ನೆರವೂ ಇದೆ. ನಿಕೋಟಿನ್ ಇಲ್ಲದ ಚಡಪಡಿಕೆ ಮೊದಲ ವಾರದಲ್ಲಿ ತೀವ್ರವಾಗಿದ್ದು ಕ್ರಮೇಣ ಇಳಿಯುತ್ತದೆ. ವೈದ್ಯರ ಸಲಹೆಯಿಂದ ಅದನ್ನು ತಗ್ಗಿಸಿಕೊಳ್ಳಬಹುದು. 2018ರಿಂದ ಸಿಗರೇಟು ಪೊಟ್ಟಣದ ಮೇಲೆಯೇ ಅಚ್ಚಾಗುತ್ತಿರುವ 1800-11-2356 ಸಂಖ್ಯೆಗೆ ಶುಲ್ಕವಿಲ್ಲದೆ ಕರೆ ಮಾಡಿ ಸಲಹೆ ಪಡೆಯಬಹುದು. ಎಡವಿದರೆ ಮತ್ತೆ ಏಳಬೇಕು. ಬಿಟ್ಟವರಲ್ಲಿ ಅನೇಕರು ಹಲವು ಬಾರಿ ಎಡವಿಯೇ ಗೆದ್ದವರು. ವಯಸ್ಸಾಯಿತೆಂಬ ನೆಪವೂ ಸಲ್ಲದು. ಬ್ರಿಟಿಷ್ ವೈದ್ಯರನ್ನು ಐವತ್ತು ವರ್ಷ ಗಮನಿಸಿದ ರಿಚರ್ಡ್ ಡಾಲ್ ಮತ್ತು ಸಂಗಡಿಗರು 2004ರಲ್ಲಿ ತಿಳಿಸಿದಂತೆ, ಮೂವತ್ತರಲ್ಲಿ ಬಿಟ್ಟವರಿಗೆ ಸುಮಾರು 10 ವರ್ಷ, ಐವತ್ತರಲ್ಲಿ 6 ವರ್ಷ, ಅರುವತ್ತರಲ್ಲಿ ಬಿಟ್ಟರೂ 3 ವರ್ಷ ಆಯುಷ್ಯದ ಲಾಭವಿದೆ.

ನಮ್ಮ ಧರ್ಮಕೇಂದ್ರಗಳ ವಾರ್ಡು ಸಭೆಗಳಲ್ಲಿ ಉಪದೇಶಕ್ಕೆ ಬಿಡುವು ಕೊಟ್ಟು, ಚಟ ಬಿಟ್ಟ ಹಿರಿಯರೊಬ್ಬರನ್ನು ಹತ್ತು ನಿಮಿಷ ಮಾತಾಡಿಸೋಣ. ಬಿಡಲಾಗದವರನ್ನು ಹಳಿಯದೆ, ಅವರ ಪಕ್ಕದಲ್ಲಿ ಕುಳಿತು ಕೇಳೋಣ. ಅಂತಹ ಒಂದು ಸಂಜೆ ಯಾರದೋ ಮನೆಯ ದೀಪವನ್ನು ಇನ್ನಷ್ಟು ವರ್ಷ ಉರಿಸೀತು.