ತಿರುವು ಕೊಲ್ಲುವುದಿಲ್ಲ ಸ್ವಾಮಿ

ಮಡಿಕೇರಿಯಿಂದ ಮಂಗಳೂರಿನತ್ತ ಇಳಿಯುವ ಸಂಪಾಜೆ ಘಾಟಿಯಲ್ಲಿ ಒಂದು ಕಾರು ನುಜ್ಜುಗುಜ್ಜಾದರೆ ಸಾಕು, ಸಂಜೆಯೊಳಗೆ ತೀರ್ಪು ತಯಾರು: ರಸ್ತೆ ಕಿರಿದು, ತಿರುವು ಅಪಾಯಕಾರಿ, ಕೂಡಲೇ ಅಗಲ ಮಾಡಿ, ನೆಟ್ಟಗೆ ಮಾಡಿ. ಮನವಿ ಪತ್ರ, ಪತ್ರಿಕಾ ಹೇಳಿಕೆ, ಸ್ಥಳ ಪರಿಶೀಲನೆಯ ಫೋಟೊ ಎಲ್ಲವೂ ಆಗುತ್ತದೆ. ಸ್ಟೇರಿಂಗ್ ಹಿಡಿದಿದ್ದವನ ವಿಷಯಕ್ಕೆ ಮಾತ್ರ ಯಾರೂ ತುಟಿ ಬಿಚ್ಚುವುದಿಲ್ಲ.

ಆ ತಿರುವು ನಿನ್ನೆ ರಾತ್ರಿ ಬಂದು ಕೂತದ್ದಲ್ಲ. ಮಂಗಳೂರಿಗೆ ಮೀನು ತರಲು ಹೋದವರು, ಕಾಫಿ ಮೂಟೆ ಇಳಿಸಿದವರು ತಲೆಮಾರುಗಳಿಂದ ಅದೇ ತಿರುವಿನಲ್ಲಿ ಹಾರ್ನ್ ಹೊಡೆದು, ಗೇರು ಇಳಿಸಿ, ಎಡಕ್ಕೆ ಅಂಟಿಕೊಂಡು ಮನೆ ಸೇರಿದ್ದಾರೆ. ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿ ತೆರೆದು ನೋಡಿ. ಆ ವರ್ಷ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಶೇ 71ರಷ್ಟು ಸಾವು ಅತಿವೇಗದ ಖಾತೆಗೆ. ಇನ್ನೊಂದು ಮಾತೂ ಆ ವರದಿಯಲ್ಲೇ ಇದೆ: ಒಟ್ಟು ಅಪಘಾತಗಳಲ್ಲಿ ಸುಮಾರು ಮೂರನೇ ಎರಡರಷ್ಟು ನಡೆದದ್ದು ನೆಟ್ಟಗಿರುವ ರಸ್ತೆಗಳಲ್ಲಿ! ದೇಶದಲ್ಲಿ ನೆಟ್ಟಗಿನ ರಸ್ತೆಯೇ ಜಾಸ್ತಿ ಎಂದು ಲೆಕ್ಕ ಹೇಳಬೇಡಿ. ನೆಟ್ಟಗೆ ಮಾಡಿದರೆ ಸಾವು ನಿಲ್ಲುತ್ತದೆ ಎಂದವರು ನೀವು, ನಾನಲ್ಲ.

ಮಳೆಗಾಲದ ಒಂದು ಶನಿವಾರ ತಾಳತ್ಮನೆಯ ಕೆಳಗೆ ನಿಂತು ನೋಡಿ. ಸರ್ಕಾರಿ ಬಸ್ಸು ಎರಡನೇ ಗೇರಿನಲ್ಲಿ ಗುರುಗುಟ್ಟುತ್ತ ಏರುತ್ತಿರುತ್ತದೆ. ಹಿಂದೆ ನಾಲ್ಕೈದು ಕಾರು. ಮಂಜು ಎಷ್ಟೆಂದರೆ ಬಸ್ಸಿನ ಮುಂದಿನದ್ದು ದೇವರಿಗೇ ಕಾಣಬೇಕು. ಕೊನೆಯ ಕಾರಿನವನಿಗೆ ತಾಳ್ಮೆ ತಪ್ಪುತ್ತದೆ. ತಿರುವಿನಲ್ಲೇ ಬಲಕ್ಕೆ ಎಳೆಯುತ್ತಾನೆ. ನಾಲ್ಕೂ ಪಾರ್ಕಿಂಗ್ ಲೈಟು ಮಿಣುಕುತ್ತಿರುತ್ತವೆ, ಮಂಜಿನಲ್ಲಿ ಹಾಗೆ ಓಡಿಸುವುದೇ ಜಾಣತನವೆಂದು ಯಾರೋ ಹೇಳಿಕೊಟ್ಟಿದ್ದಾರೆ. ಅದನ್ನು ಹಾಕಿಕೊಂಡರೆ ಇಂಡಿಕೇಟರ್ ಸತ್ತಂತೆ, ಅವನು ಯಾವ ಕಡೆ ನುಗ್ಗುತ್ತಾನೆಂದು ಹಿಂದಿನವನಿಗೂ ಗೊತ್ತಿಲ್ಲ, ಎದುರಿನವನಿಗೂ ಗೊತ್ತಿಲ್ಲ.

ಎದುರಿನಿಂದ ಇಳಿಯುವ ಮಹಾಶಯ ಇನ್ನೊಂದು ಕೈ ಮೇಲು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಟ್ಟುಕೊಂಡು ಬರುತ್ತಾನೆ. ಎಂಜಿನ್ನಿನ ಹಿಡಿತ ಇಲ್ಲ, ಭಾರವೆಲ್ಲ ಬ್ರೇಕಿನ ಮೇಲೆ. ಕೊಯ್ನಾಡು ತಲುಪುವಷ್ಟರಲ್ಲಿ ಚಕ್ರದಿಂದ ಸುಟ್ಟ ವಾಸನೆ. ಹತ್ತುವ ಗೇರಿನಲ್ಲೇ ಇಳಿಯಬೇಕೆಂದು ನಮ್ಮ ಹಳೇ ಜೀಪಿನ ಡ್ರೈವರುಗಳು ಹೇಳದ ದಿನವಿಲ್ಲ. ಕಿರಿದಾದ ಗುಡ್ಡದ ರಸ್ತೆಯಲ್ಲಿ ಇಳಿಯುವವನು ಬದಿಗೆ ನಿಂತು ಏರುವವನಿಗೆ ದಾರಿ ಕೊಡಬೇಕೆಂಬುದು ಕಾನೂನೇ ಹೇಳುವ ಮಾತು. ಮೈದಾನದಲ್ಲಿ ಎಂಟು ಹಾಕಿ ಲೈಸೆನ್ಸ್ ಪಡೆದವರಲ್ಲಿ ಎಷ್ಟು ಜನರಿಗೆ ಇದು ಗೊತ್ತು?

ಪ್ರವಾಸಿಗರನ್ನು ಬೈದರೆ ನಮ್ಮವರು ಚಪ್ಪಾಳೆ ತಟ್ಟುತ್ತಾರೆ. ತಡೆಯಿರಿ. ಮದುವೆ ಮುಗಿಸಿ, ಎರಡು ಪೆಗ್ಗಿನ ಮೇಲೆ ಮೂರನೆಯದ್ದನ್ನೂ ಏರಿಸಿ, ‘ನನಗೆ ಈ ರಸ್ತೆ ಕಣ್ಣು ಮುಚ್ಚಿದರೂ ಗೊತ್ತು’ ಎಂದು ಕೀಲಿ ತಿರುಗಿಸುವವನು ಬೆಂಗಳೂರಿನವನಲ್ಲ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮದ್ಯ ಮೀರಿದರೆ ಅಪರಾಧ. ಈ ಲೆಕ್ಕ ಊರಿನ ಪರಿಚಯಕ್ಕೆ ರಿಯಾಯಿತಿ ಕೊಡುವುದಿಲ್ಲ. ಕಾಫಿ ಕೊಯ್ಲಿನ ಹೊತ್ತಿಗೆ ಗೊಬ್ಬರ ಸಾಗಿಸುವ ಪಿಕಪ್‌ನಲ್ಲಿ ಹೆಣ್ಣಾಳುಗಳನ್ನು ನಿಲ್ಲಿಸಿಕೊಂಡು ಓಡಿಸುವ ತೋಟದ ಮಾಲೀಕರೂ ನಮ್ಮವರೇ. ಆ ಪಿಕಪ್ ಮಗುಚಿದರೂ ನಾವು ದೂರುವುದು ತಿರುವನ್ನೇ.

ಅಗಲ ಮಾಡಿ ಅನ್ನುವವರಿಗೆ 2018ರ ಆಗಸ್ಟ್ ಮರೆತೇಹೋಯಿತೇ? ಜೋಡುಪಾಲ, ಮದೆನಾಡಿನಲ್ಲಿ ಗುಡ್ಡವೇ ಕುಸಿದು ಹೆದ್ದಾರಿ ಕೊಚ್ಚಿಹೋಯಿತು. ಬೆಟ್ಟದ ಇಳಿಜಾರನ್ನು ಮನಬಂದಂತೆ ಕಡಿದದ್ದೂ ಕಾರಣವೆಂದು ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೇ ಹೇಳಿತು. ಆಮೇಲೂ ಬುಲ್ಡೋಜರ್ ನಿಂತಿಲ್ಲ. ಎಲ್ಲಿ ಮಣ್ಣು ಕಾಣುತ್ತದೋ ಅಲ್ಲಿ ರೆಸಾರ್ಟು, ಎಲ್ಲಿ ಮರ ಬೀಳುತ್ತದೋ ಅಲ್ಲಿ ‘ಅಭಿವೃದ್ಧಿ’. ವಾರಾಂತ್ಯದ ಎರಡು ದಿನಕ್ಕೆ ಬಂದುಹೋಗುವವರ ಅವಸರಕ್ಕೆ ನಾವು ಇಡೀ ಬೆಟ್ಟವನ್ನೇ ಬಲಿ ಕೊಡಬೇಕಂತೆ.

ಈಗ ಮೈಸೂರಿನಿಂದ ಚತುಷ್ಪಥ ಬರುತ್ತಿದೆ. 2023ರ ಮಾರ್ಚ್‌ನಲ್ಲಿ ಮಂಡ್ಯದಲ್ಲಿ ಪ್ರಧಾನಿಯೇ ಶಂಕುಸ್ಥಾಪನೆ ಮಾಡಿದ ಆ ಹೆದ್ದಾರಿ ಕುಶಾಲನಗರದ ಹತ್ತಿರ ಮುಗಿಯುತ್ತದೆ. ಅಲ್ಲಿವರೆಗೆ ನೂರರಲ್ಲಿ ಒತ್ತಿದ ಕಾಲು ಅಲ್ಲಿಗೆ ಮುಗಿಯುವುದಿಲ್ಲವಲ್ಲ! ಅದೇ ಕಾಲು ಆನೆಕಾಡಿಗೂ ಬರುತ್ತದೆ, ಸುಂಟಿಕೊಪ್ಪದ ಪೇಟೆಗೂ ಬರುತ್ತದೆ, ಶಾಲೆ ಬಿಟ್ಟ ಮಕ್ಕಳ ಮುಂದೆಯೂ ಬರುತ್ತದೆ.

2024ರ ಆಗಸ್ಟ್‌ನಿಂದ ಗಂಟೆಗೆ 130 ಕಿ.ಮೀ. ಮೀರಿದರೆ ಎಫ್‌ಐಆರ್ ಎಂದು ರಾಜ್ಯದ ಪೊಲೀಸರು ಗುಡುಗಿದರು. ಸಂತೋಷ. ಸಂಪಾಜೆಯ ತಿರುವಿನಲ್ಲಿ ಅರವತ್ತೇ ಹೆಣ ಬೀಳಿಸಲು ಸಾಕು, ಅದಕ್ಕೆ ಯಾವ ಕೇಸು? ಬೆಂಗಳೂರು–ಮೈಸೂರು ರಸ್ತೆಯಲ್ಲಿ ಕ್ಯಾಮೆರಾ ಕಣ್ಣಿಟ್ಟ ಮೇಲೆ ಸಾವು ಇಳಿಯಿತು. ಅಂಥದ್ದೇ ಕ್ಯಾಮೆರಾ ಸಂಪಾಜೆ ಗೇಟಿನಿಂದ ಮಡಿಕೇರಿವರೆಗೆ ಏಕಿಲ್ಲ, ಮಾಕುಟ್ಟದ ಘಾಟಿಯಲ್ಲಿ ಏಕಿಲ್ಲ? ಮರ ಕಡಿಯುವ ಟೆಂಡರಿನಷ್ಟು ರುಚಿ ಕ್ಯಾಮೆರಾದಲ್ಲಿ ಇರಲಿಕ್ಕಿಲ್ಲ.

ಮುಂದಿನ ಸಲ ಮನವಿ ಪತ್ರ ಹಿಡಿದು ಬರುವ ಮಹನೀಯರು ದಯವಿಟ್ಟು ಒಂದು ಸಾಲು ಸೇರಿಸಿಕೊಳ್ಳಿ: ಕಳೆದ ಸಲ ಗಾಡಿ ಓಡಿಸುತ್ತಿದ್ದವನ ಲೈಸೆನ್ಸ್ ಏನಾಯಿತು?