ಹಲಗಿ ಮರಳಿ ಬಂದದ್ದು ಯಾರ ಷರತ್ತಿನ ಮೇಲೆ?

ಒಂದು ರಾಕ್ ಬ್ಯಾಂಡು ಹತ್ತು ವರ್ಷಕ್ಕೂ ಮಿಕ್ಕಿ ಆಲ್ಬಂ ಮಾಡಲಿಲ್ಲ, ಆಮೇಲೆ ಮಾಡಿತು. ಸಂಗೀತದ ಪೇಟೆಯಲ್ಲಿ ಇದಕ್ಕೆ 'ಕಂಬ್ಯಾಕ್' ಅನ್ನುತ್ತಾರೆ. ಮರಳಿ ಬಂದರು ಅಂತ ಅರ್ಥ. ಮರಳಿ ಬಂದವರಿಗೆ ನಮ್ಮ ಸಲಾಮು. ಆದರೆ ಗೆಳೆಯರೆ, ಮರಳಿ ಬರುವುದಕ್ಕೂ ಒಂದು ಯೋಗ್ಯತೆ ಬೇಕು ಅಂತ ಈ ಪೇಟೆ ತೀರ್ಮಾನ ಮಾಡಿಬಿಟ್ಟಿದೆ. ಆ ಯೋಗ್ಯತೆ ಹಲಗಿ ಬಡಿಯುವವನಿಗಿಲ್ಲ, ಅಮಾವಾಸ್ಯೆ ರಾತ್ರಿ ಏಕತಾರಿ ಹಿಡಿದು ತತ್ವಪದ ಹಾಡುವವನಿಗಿಲ್ಲ, ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವನಿಗಿಲ್ಲ. ಅವರು ಸುಮ್ಮನಾದರೆ ಯಾರೂ ಕಾಯುವುದಿಲ್ಲ. ಮತ್ತೆ ಹಾಡಿದರೆ ಯಾರೂ ಬರೆಯುವುದಿಲ್ಲ. ಈ ಲೆಕ್ಕವನ್ನು ನಾವು ಒಪ್ಪುವುದಿಲ್ಲ ಅಂತ ಹೇಳುವುದಕ್ಕೇ ಈ ಬರಹ.

ಮಾತು ಗಾಳಿಯಲ್ಲಿ ಬೇಡ, ಹೆಸರು ಹಿಡಿದೇ ಆಡೋಣ. ರಘು ದೀಕ್ಷಿತ್ ಪ್ರಾಜೆಕ್ಟ್ ಎಂಬ ತಂಡದ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಎರಡನೆಯದು 'ಜಗ್ ಚಂಗಾ', 2013ರಲ್ಲಿ. ಮೂರನೆಯದು 'ಶಕ್ಕರ್' ಬರಲು ಒಂದು ದಶಕವೇ ದಾಟಬೇಕಾಯಿತು. ನಡುವೆ ಅವರೇನೂ ಬಾಯಿ ಮುಚ್ಚಿ ಕೂತಿರಲಿಲ್ಲ. ವೇದಿಕೆ ಇತ್ತು, ಸಿನಿಮಾ ಇತ್ತು, ಹೊರದೇಶದ ಕಾರ್ಯಕ್ರಮ ಇತ್ತು. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಕಾಲೇಜು ಹುಡುಗರ ಮೊಬೈಲಿನಲ್ಲೂ ಅವರ ಹಾಡುಗಳಿವೆ. ಶಿಶುನಾಳ ಶರೀಫರ ಪದಗಳನ್ನು ಗಿಟಾರಿಗೆ, ಪಿಟೀಲಿಗೆ, ಡ್ರಮ್ಮಿಗೆ ಕೂಡಿಸಿ ಲಂಡನ್ನಿನ ತನಕ ಒಯ್ದವರು ಅವರು. ಕನ್ನಡದ ಪದ ಕನ್ನಡದಲ್ಲೇ ಅಲ್ಲಿ ಮೊಳಗಿತು. ಅದು ಸಣ್ಣ ಕೆಲಸವಲ್ಲ. ಗಿಟಾರು ಮುಟ್ಟಿದ ಕೂಡಲೆ ಶರೀಫರು ಮೈಲಿಗೆಯಾದರು ಅಂತ ಕೂಗುವ ಶುದ್ಧಾಚಾರಿಗಳ ಗುಂಪಿನಲ್ಲಿ ನಾವಿಲ್ಲ. ಮೈಲಿಗೆಯ ಮಾತು ನಮ್ಮ ಬಾಯಲ್ಲಿ ಬರುವುದು ಸಾಧ್ಯವೂ ಇಲ್ಲ.

ನಮ್ಮ ತಕರಾರು ಬೇರೆ. ಶರೀಫರು ಹುಟ್ಟಿದ್ದು 1819ರಲ್ಲಿ, ತೀರಿಕೊಂಡದ್ದು 1889ರಲ್ಲಿ. ಸಿ. ಅಶ್ವಥ್ ಅವರ ದನಿಯಲ್ಲಿ ಆ ಪದಗಳು ಕ್ಯಾಸೆಟ್ಟಾಗಿ ಮನೆಮನೆಗೆ ಹೋದದ್ದು ಹೆಚ್ಚುಕಡಿಮೆ ಒಂದು ನೂರು ವರ್ಷದ ಮೇಲೆ. ನಾಗಾಭರಣರ ಸಿನಿಮಾ ಬಂದದ್ದು 1990ರಲ್ಲಿ. ಬ್ಯಾಂಡು ಬಂದದ್ದು ಅದರ ಮೇಲೆ. ಹಾಗಾದರೆ ಆ ನೂರು ವರ್ಷ ಈ ಪದಗಳು ಎಲ್ಲಿದ್ದವು? ಯಾವ ಕಂಪನಿಯ ಕಪಾಟಿನಲ್ಲಿದ್ದವು? ಅಚ್ಚಿನ ಪುಸ್ತಕದಲ್ಲಿ ಪದ ಸಿಕ್ಕೀತು, ಮಟ್ಟು ಸಿಗುವುದಿಲ್ಲ. ಮಟ್ಟು ಇದ್ದದ್ದು ಹಗಲೆಲ್ಲ ಮಂದಿಯ ಹೊಲದಲ್ಲಿ ದುಡಿದು, ರಾತ್ರಿ ಗುಡಿಯ ಕಟ್ಟೆ ಮೇಲೆ, ಮಠದ ಮೂಲೆಯಲ್ಲಿ, ದರ್ಗಾದ ಅಂಗಳದಲ್ಲಿ ದಮ್ಮಡಿ ಬಡಿದವರ ಗಂಟಲಲ್ಲಿ. ಅವರಲ್ಲಿ ಒಂದೇ ಒಂದು ತಲೆಮಾರು 'ನಮಗೂ ಹನ್ನೆರಡು ವರ್ಷ ವಿರಾಮ ಬೇಕ್ರಿ' ಅಂದಿದ್ದರೆ ಅಶ್ವಥರಿಗೂ ಹಾಡು ಸಿಗುತ್ತಿರಲಿಲ್ಲ, ಬ್ಯಾಂಡಿಗೂ ಸಿಗುತ್ತಿರಲಿಲ್ಲ. ಬರೆದವರ ಹೆಸರು ಉಳಿಯಿತು, ಕೊನೆಗೆ ಹಾಡಿದವರ ಹೆಸರು ಬೆಳಗಿತು. ನಡುವೆ ಹೊತ್ತವರಿಗೆ ಮಾತ್ರ ಒಂದೇ ಹೆಸರು: 'ಜಾನಪದ'. ಈ ಪದವೊಂದು ದೊಡ್ಡ ಗೋಣಿಚೀಲ. ಅದರಲ್ಲಿ ಎಷ್ಟು ಮಂದಿಯನ್ನು ತುಂಬಿ ಬಾಯಿ ಕಟ್ಟಿದರೂ ಜಾಗ ಉಳಿಯುತ್ತದೆ.

ಇನ್ನು ಹಲಗಿಯ ಮಾತು. ತಂತಿ ಸಡಿಲಾದರೆ ಗಿಟಾರಿನವನು ಕಿವಿ ತಿರುಗಿಸುತ್ತಾನೆ. ಹಲಗಿಯ ಚರ್ಮ ಸಡಿಲಾದರೆ ಕಸಕಡ್ಡಿ ಕೂಡಿಸಿ ಉರಿ ಹಚ್ಚಿ ಕಾಯಿಸಬೇಕು. ಹದ ತಪ್ಪಿದರೆ ಚರ್ಮ ಸುಡುತ್ತದೆ, ಹದ ಬರದಿದ್ದರೆ ಸದ್ದು ಏಳುವುದಿಲ್ಲ. ಇದು ವಿದ್ಯೆ. ಆದರೆ ನಮ್ಮ ಕೇರಿಯಲ್ಲಿ ಈ ವಿದ್ಯೆಯನ್ನು ಯಾರೂ ವಿದ್ಯೆ ಅಂತ ಕಲಿಯಲಿಲ್ಲ, ಪಾಳಿ ಅಂತ ಕಲಿತರು. ಡಂಗುರ ಸಾರಲು ಹಲಗಿ, ಜಾತ್ರೆಯ ತೇರಿನ ಮುಂದೆ ಹಲಗಿ, ಗೌಡರ ಮನೆಯ ಹೆಣದ ಮುಂದೆ ಹಲಗಿ. ಬಡಿಯುವ ಕೈ ತೇರಿನ ಹಗ್ಗ ಮುಟ್ಟುವಂತಿಲ್ಲ. ಬಡಿದವನಿಗೆ ಸಿಕ್ಕ ಸಂಭಾವನೆ ಒಂದು ಮರ ಜೋಳ, ಇಲ್ಲವೆ ಎತ್ತರದಿಂದ ಎಲೆಗೆ ಎಸೆದ ಊಟ. 'ಬಾರಿಸಂಗಿಲ್ಲ' ಅನ್ನುವ ಮಾತು ಆ ಸಂಗೀತದ ವ್ಯಾಕರಣದಲ್ಲೇ ಇರಲಿಲ್ಲ.

ಆ ಮಾತನ್ನು ವ್ಯಾಕರಣಕ್ಕೆ ಸೇರಿಸಿದ್ದು ಚಳವಳಿ. 1970ರ ದಶಕದಲ್ಲಿ ಬಿ. ಕೃಷ್ಣಪ್ಪನವರ ಕಾಲದ ದಲಿತ ಸಂಘರ್ಷ ಸಮಿತಿ ಊರೂರಿನ ಕೇರಿಗೆ ಬಂದು ಕೇಳಿದ್ದು ದೊಡ್ಡ ಸಿದ್ಧಾಂತವನ್ನಲ್ಲ. ಸತ್ತ ದನ ಯಾಕ ಹೊರ್ತೀರಿ, ಬಿಟ್ಟಿ ಹಲಗಿ ಯಾಕ ಬಡಿತೀರಿ ಅಂತ ಕೇಳಿತು. ಕೇಳಿದ ಊರುಗಳಲ್ಲಿ ಮಂದಿ ಹಲಗಿ ಕೆಳಗಿಟ್ಟರು. ಗೂಟಕ್ಕೆ ನೇತುಹಾಕಿದರು, ಕೆಲವರು ಒಲೆಗೇ ಹಾಕಿದರು. ಕನ್ನಡ ಸಂಗೀತದ ಚರಿತ್ರೆ ಬರೆಯುವವರೇ, ನೀವು ಲೆಕ್ಕಕ್ಕೆ ಹಿಡಿಯದ ಅತಿ ದೊಡ್ಡ ವಿರಾಮ ಅದು. ಸ್ಟುಡಿಯೋ ಖಾಲಿ ಇಲ್ಲ ಅಂತ, ಸದಸ್ಯರಲ್ಲಿ ಮನಸ್ತಾಪ ಅಂತ ತಗೊಂಡ ವಿರಾಮವಲ್ಲ. ಅದಕ್ಕೆ ಕಟ್ಟಿದ ದಂಡ ಕೇಳಿರಿ: ಕಿರಾಣಿ ಅಂಗಡಿಯಲ್ಲಿ ಉಪ್ಪು ಕೊಡಲಿಲ್ಲ, ಗಿರಣಿಯಲ್ಲಿ ಜ್ವಾಳ ಬೀಸಲಿಲ್ಲ, ಹೊಲಕ್ಕೆ ಕೂಲಿಗೆ ಕರೆಯಲಿಲ್ಲ, ಬಾವಿಗೆ ಕೊಡ ಇಳಿಸಗೊಡಲಿಲ್ಲ. ಸುಮ್ಮನಿದ್ದದ್ದಕ್ಕೆ ಬಹಿಷ್ಕಾರ! ಇಷ್ಟು ಬೆಲೆ ಕೊಟ್ಟು ಸುಮ್ಮನಾದ ಬ್ಯಾಂಡು ಜಗತ್ತಿನಲ್ಲಿ ಇನ್ನೊಂದಿದ್ದರೆ ತೋರಿಸಿರಿ. ಇಂಥ ಬಹಿಷ್ಕಾರ ಅಪರಾಧ ಅಂತ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಬಿಡಿಸಿ ಬರೆಯಲು 2015ರ ತಿದ್ದುಪಡಿಯೇ ಬರಬೇಕಾಯಿತು. ಅದು ಜಾರಿಯಾದದ್ದು 2016ರ ಜನವರಿ 26ರಂದು. ನಮ್ಮ ಎಷ್ಟು ಹಳ್ಳಿಗಳಿಗೆ ಅದು ತಲುಪಿದೆ ಅಂತ ಮಾಸ್ತರುಗಳು ತಮ್ಮ ತಮ್ಮ ಊರಲ್ಲೇ ಕೇಳಿ ನೋಡಬಹುದು.

ಅದೇ ಹಲಗಿ ಮರಳಿ ಬಂತು. ಈ ಸಲ ತೇರಿನ ಮುಂದೆ ಅಲ್ಲ, ಜಾಥಾದ ಮುಂದೆ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಅಚ್ಚಾಯಿತು. ಅಕ್ಷರ ಬಾರದವರಿಗೂ ಅದು ಬಾಯಿಪಾಠವಾದದ್ದು ಪುಸ್ತಕದಿಂದಲ್ಲ, ಹಾಡಿಕೆಯಿಂದ. ಯಾರ ಹೆಣಕ್ಕೋ ಬಡಿಯುತ್ತಿದ್ದ ಕೈ ತನ್ನ ಮಾತಿಗೆ ತಾನೇ ಬಡಿಯಿತು. ಚರ್ಮ ಅದೇ, ಕೋಲು ಅದೇ, ಷರತ್ತು ಮಾತ್ರ ಬೇರೆ. ನಾವು ಕಂಬ್ಯಾಕ್ ಅನ್ನುವುದು ಇದಕ್ಕೆ.

ರಾಕ್ ಸಂಗೀತಕ್ಕೂ ಈ ಷರತ್ತಿನ ಮಾತು ಹೊಸದಲ್ಲ. ರಾಕ್ ಹುಟ್ಟಿದ್ದೇ ಅಮೆರಿಕದ ಕರಿಯರ ಬ್ಲೂಸ್‌ನಿಂದ, ಹತ್ತಿ ಹೊಲದಲ್ಲಿ ದುಡಿದವರ ಹಾಡಿನಿಂದ. ಹತ್ತಿ ಬಿಡಿಸುವ ಬೆರಳು ಎಂಥದು ಅಂತ ರಾಯಚೂರು ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿನ ಬ್ಲ್ಯಾಕ್ ಪ್ಯಾಂಥರರ ಹೆಸರಿನಿಂದಲೇ 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಎದ್ದಿತು. ಅದೇ ಹೊತ್ತಿಗೆ ಡೆಟ್ರಾಯಿಟ್ ಊರಲ್ಲಿ ಡೇವಿಡ್, ಬಾಬಿ, ಡ್ಯಾನಿಸ್ ಹ್ಯಾಕ್ನಿ ಎಂಬ ಮೂವರು ಕರಿಯ ಅಣ್ಣತಮ್ಮಂದಿರು 'ಡೆತ್' ಅಂತ ಹೆಸರಿಟ್ಟು ಒಂದು ರಾಕ್ ಬ್ಯಾಂಡು ಕಟ್ಟಿದರು. 'ಡೆತ್' ಅಂದರೆ ಸಾವು. 1975ರಲ್ಲಿ ಹಾಡು ಮುದ್ರಿಸಿದರು. ದೊಡ್ಡ ಕಂಪನಿಯೊಂದು ರೊಕ್ಕ ಹಾಕಲು ತಯಾರಿತ್ತು, ಆದರೆ ಹೆಸರು ಬದಲಿಸಿರಿ ಅಂದಿತು. ಅವರು ಆಗುವುದಿಲ್ಲ ಅಂದರು. ಕೈಯಾರೆ ಐನೂರು ರೆಕಾರ್ಡು ಹಾಕಿಸಿಕೊಂಡರು, ಯಾರೂ ಕೇಳಲಿಲ್ಲ, ಬ್ಯಾಂಡು ಮುಗಿಯಿತು. ಆ ಟೇಪು ಆಲ್ಬಂ ಆಗಿ ಹೊರಬಂದದ್ದು 2009ರಲ್ಲಿ. ಹೆಸರು ಬಿಡೆನು ಅಂದ ಡೇವಿಡ್ 2000ದಲ್ಲೇ ತೀರಿಹೋಗಿದ್ದ. ಆದರೆ ಹೊರಬಂದದ್ದು ಅದೇ ಹೆಸರಿನಿಂದ. ಉಳಿದಿಬ್ಬರು ಅದೇ ಹೆಸರಿನಲ್ಲಿ ಮತ್ತೆ ವೇದಿಕೆ ಹತ್ತಿದರು. ಮೂವತ್ತು ವರ್ಷ ತಡವಾಯಿತು, ಷರತ್ತು ಮಾತ್ರ ಅವರದೇ ನಿಂತಿತು.

ಈಗ ನಮ್ಮ ಕಡೆ ತಿರುಗಿ ನೋಡೋಣ. ಹಲಗಿಗೆ ಈಗ ಬಹಳ ಬೇಡಿಕೆ. ಮಂತ್ರಿ ಬಂದರೆ ಸ್ವಾಗತಕ್ಕೆ ಹಲಗಿ, ಉತ್ಸವದ ಮೆರವಣಿಗೆಗೆ ಹಲಗಿ, ಕಾಲೇಜಿನ ಹಬ್ಬಕ್ಕೆ ಹಲಗಿ. 2023ರಲ್ಲಿ ಚಿಕ್ಕಬಳ್ಳಾಪುರ ಸೀಮೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ತಮಟೆಗೆ ಪದ್ಮಶ್ರೀ ಬಂದಾಗ ನಾವೂ ಹಿಗ್ಗಿದೆವು. ಹಿಗ್ಗಬೇಕಾದ್ದೇ. ಆದರೆ ಮೆರವಣಿಗೆಯಲ್ಲಿ ಹಲಗಿಯವರು ಬಿಸಿಲಲ್ಲಿ ಮುಂದೆ, ಗಣ್ಯರು ಹಿಂದೆ ಕಾರಲ್ಲಿ. ಸಭೆ ಶುರುವಾದ ಮೇಲೆ ಗಣ್ಯರು ವೇದಿಕೆ ಮೇಲೆ, ಹಲಗಿಯವರು ಹೊರಗೆ ಬೇವಿನ ಗಿಡದ ಕೆಳಗೆ. ಆಮಂತ್ರಣ ಪತ್ರಿಕೆಯಲ್ಲಿ ಸ್ವಾಗತ ಭಾಷಣದವನ ಹೆಸರಿದೆ, ವಂದನಾರ್ಪಣೆಯವನ ಹೆಸರಿದೆ, ಹಲಗಿಯವರಿಗೆ 'ಕಲಾತಂಡದವರಿಂದ' ಅಷ್ಟೇ. ಗೌಡರ ಹೆಣದ ಮುಂದಿನಿಂದ ತಪ್ಪಿಸಿಕೊಂಡು ಬಂದ ಹಲಗಿಯನ್ನು ಮಂತ್ರಿಯ ಕಾರಿನ ಮುಂದೆ ನಿಲ್ಲಿಸಿದರೆ ಅದು ಮರಳಿ ಬಂದದ್ದು ಹೇಗಾದೀತು? ಪಾಳಿ ಬದಲಾಯಿತು, ಯಜಮಾನ ಬದಲಾದ, ಬಡಿಯುವವನು ನಿಂತ ಜಾಗ ಅದೇ!

ಸುಮ್ಮನಾಗುವ ಇನ್ನೊಂದು ಬಗೆಯೂ ನಮ್ಮಲ್ಲಿದೆ. ಅದಕ್ಕೆ ಗುಳೆ ಅಂತ ಹೆಸರು. ಸಿಂಧನೂರಿಗೆ ತುಂಗಭದ್ರೆಯ ಎಡದಂಡೆ ಕಾಲುವೆ ಇದೆ, ಭತ್ತ ಇದೆ. ಮಸ್ಕಿ, ಲಿಂಗಸುಗೂರಿನ ಒಣಭೂಮಿಗೆ ಆ ಭಾಗ್ಯ ಎಲ್ಲ ಕಡೆ ಇಲ್ಲ. ಸುಗ್ಗಿ ಮುಗಿದ ಮೇಲೆ ಮನೆಗೆ ಬೀಗ ಹಾಕಿ ಬೆಂಗಳೂರಿಗೆ, ಪುಣೆಗೆ ಬಸ್ಸು ಹತ್ತುತ್ತಾರೆ. ಮುದ್ಗಲ್ಲಿನ ಮೊಹರಮ್ಮಿಗೆ ಮಾತ್ರ ಹೇಗಾದರೂ ಬಂದು ಮುಟ್ಟುತ್ತಾರೆ. ಅಲಾಯಿ ದೇವರು ಏಳುವ ಹೊತ್ತಿಗೆ ಹಲಗಿ ಕೈಗೆ ಬರುತ್ತದೆ, ಹಿಂದೂ ಮುಸ್ಲಿಂ ಅನ್ನದೆ ಹೆಜ್ಜೆ ಬೀಳುತ್ತದೆ, ಪದ ಏಳುತ್ತದೆ. ಹಬ್ಬ ಮುಗಿದರೆ ಮತ್ತೆ ಬಸ್ಸು. ವರ್ಷಕ್ಕೊಮ್ಮೆ ಕಂಬ್ಯಾಕ್ ಮಾಡುವ ಈ ತಂಡಗಳಿಗೆ ಆಲ್ಬಂ ಇಲ್ಲ, ಅವರ ಹಾಡಿಗೆ ಕಾಗದದ ಮೇಲೆ ಒಡೆಯನಿಲ್ಲ. ಯಾರಾದರೂ ಮೊಬೈಲಿನಲ್ಲಿ ಹಿಡಿದು ಒಯ್ದರೆ ಅದು ಒಯ್ದವನದು.

ರಾಕ್ ಅಂದರೆ ಬಂಡೆ. ಬಂಡೆಯ ಪಾಠ ಮಸ್ಕಿಯವರಿಗೆ ಗೊತ್ತಿರಬೇಕು. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರು ಮಸ್ಕಿಯ ಬಂಡೆಯ ಮೇಲಿನ ಶಾಸನ ಕಂಡ. ಅಲ್ಲಿಯ ತನಕ ಶಾಸನಗಳಲ್ಲಿ 'ದೇವಾನಾಂಪ್ರಿಯ' ಅಂತ ಬಿರುದಷ್ಟೇ ಸಿಕ್ಕಿದ್ದ ದೊರೆಗೆ ಇಲ್ಲಿ 'ಅಶೋಕ' ಎಂಬ ಹೆಸರು ಸಿಕ್ಕಿತು. ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಬಂಡೆಯ ಮೇಲೆ ಮರೆಯಾಗಿದ್ದ ಹೆಸರು ಮರಳಿ ಬಂದದ್ದು ಯಾಕೆ? ಯಾರೋ ಕಲ್ಲಿನಲ್ಲಿ ಕೊರೆದಿದ್ದರು, ಅದಕ್ಕೆ. ಆದರೆ ಆ ಕೊರೆದವನ ಹೆಸರು ಮಸ್ಕಿಯಲ್ಲಿಲ್ಲ. ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯಲ್ಲಿ ಇದೆ. ಅಲ್ಲಿ ಚಪಡ ಎಂಬ ಲಿಪಿಕಾರ ದೊರೆಯ ಮಾತು ಮುಗಿದ ಮೇಲೆ ತನ್ನ ಹೆಸರನ್ನೂ ಹಾಕಿದ. ಯಾರಪ್ಪಣೆ ಕೇಳಿ ಹಾಕಿದನೋ ಬಿಟ್ಟನೋ, ಹಾಕಿದ್ದಂತೂ ಉಳಿಯಿತು. ನಮ್ಮ ಹಾಡುಗಾರರಿಗೆ ಬೇಕಾದದ್ದು ಚಪಡನ ಆ ಒಂದು ಸಾಲು.

ಆದ್ದರಿಂದ ಗೆಳೆಯರೆ, ನಮ್ಮ ಷರತ್ತುಗಳನ್ನು ಇಲ್ಲಿ ಬರೆದಿಡುತ್ತೇವೆ. ಬ್ಯಾಂಡಿನವರಿಗೂ, ಅಕಾಡೆಮಿಯವರಿಗೂ, ಉತ್ಸವದ ಸಮಿತಿಯವರಿಗೂ ಒಂದೇ ಮಾತು.

ಪದ ಯಾರಿಂದ ಕಲಿತಿರೋ ಅವರ ಹೆಸರು, ಊರು ಹಾಕಿರಿ. 'ಸಾಂಪ್ರದಾಯಿಕ' ಅಂತ ಬರೆದು ಕೈ ತೊಳೆಯಬೇಡಿರಿ. ಗಿಟಾರಿನವನಿಗೆ ಕೊಡುವ ದರದಲ್ಲೇ ಹಲಗಿಯವನಿಗೂ ಕೊಡಿರಿ. ಇಬ್ಬರೂ ಬೆರಳು ಸವೆಸುವವರೇ. ಹಲಗಿ ವೇದಿಕೆಯ ಮೇಲೆ ಇರಬೇಕು, ಇಲ್ಲವೆ ಹಲಗಿಯೇ ಬೇಡ. ಇನ್ನು ಬಡಿಯಂಗಿಲ್ಲ ಅಂದವನನ್ನು 'ಕಲೆಯ ಉಳಿವಿಗಾಗಿ' ಅಂತ ಒತ್ತಾಯಿಸಬೇಡಿರಿ. ನಮ್ಮ ಕಲೆ ಉಳಿಯಲಿ ಅಂತ ನಮ್ಮ ಮಕ್ಕಳು ಶಾಲೆ ಬಿಡುವುದಿಲ್ಲ. ಬಾರಿಸುವ ಹಕ್ಕು, ಬಾರಿಸದಿರುವ ಹಕ್ಕು ಎರಡೂ ಕೂಡಿದರೇ ಅದು ಸಂಗೀತ. ಒಂದೇ ಇದ್ದರೆ ಬಿಟ್ಟಿ ಚಾಕರಿ.

ಹಳ್ಳಿಯ ಮಾಸ್ತರುಗಳಿಗೆ, ಕಾಲೇಜಿನ ಹುಡುಗ ಹುಡುಗಿಯರಿಗೆ ಒಂದು ಕೆಲಸ ಇದೆ. ಮನೆಯಲ್ಲಿ ಮೊದಲ ಡಿಗ್ರಿ ಪಡೆದವರು ನಾವು. ನಮ್ಮ ಕೈಗೆ ಪೆನ್ನು ಬರಲೆಂದು ಹಿಂದಿನವರು ಹಲಗಿ ಕೆಳಗಿಟ್ಟರು. ಆ ಪೆನ್ನಿನಿಂದ ಮೊದಲು ಬರೆಯಬೇಕಾದದ್ದು ಅವರ ಹೆಸರನ್ನೇ. ನಿಮ್ಮೂರಲ್ಲಿ ಪದ ಬಲ್ಲವರು ಯಾರು, ಯಾರಿಂದ ಕಲಿತರು, ಯಾವ ಮಟ್ಟಿನಲ್ಲಿ ಹಾಡುತ್ತಾರೆ, ಯಾವ ವರ್ಷ ಯಾಕೆ ನಿಲ್ಲಿಸಿದರು, ಇಷ್ಟನ್ನು ಅವರನ್ನೇ ಕೇಳಿ, ಅವರು ಒಪ್ಪಿದರೆ ಒಂದು ನೋಟುಬುಕ್ಕಿನಲ್ಲಿ ಬರೆಯಿರಿ. ಮೊಬೈಲಿನಲ್ಲಿ ಹಿಡಿದರೆ ಅವರ ಹೆಸರನ್ನು ಅವರ ಬಾಯಲ್ಲೇ ಹೇಳಿಸಿ ಆಮೇಲೆ ಹಾಡು ಶುರು ಮಾಡಿಸಿರಿ. ನಾಳೆ ಯಾವುದೋ ಬ್ಯಾಂಡು ಆ ಪದ ಹುಡುಕಿಕೊಂಡು ಬಂದೇ ಬರುತ್ತದೆ. ಬರಲಿ, ಹಾಡಲಿ. ಬಂದಾಗ ಆ ನೋಟುಬುಕ್ಕು ಅವರ ಮುಂದಿಡೋಣ, ಹೆಸರು ಓದಿಸೋಣ, ಆಮೇಲೆ ಷರತ್ತಿನ ಮಾತು ಆಡೋಣ.